ಎರಡು ಬೆರಳಷ್ಟು ಜಾಗ

ಧಾರಾವಿಯ ಆ ಗಲ್ಲಿಯಲ್ಲಿ ಇಮಾಮಸಾಬನ ಬಗ್ಗೆ ಒಂದು ತಮಾಷೆ ಇತ್ತು. ಅವನ ಕೈಯ ಒಳ್ಳೆಯ ಕೆಲಸ ನೋಡಬೇಕಾದರೆ ಮೊದಲು ಅವನ ಮನೆಗೆ ಬೀಗರಾಗಬೇಕು ಎನ್ನುತ್ತಿದ್ದರು. ಹೋಗಿ ಬರುವವರ ಕಣ್ಣಿಗೆ ಬೀಳುವಂತೆ ಅವನು ಬಾಗಿಲಲ್ಲಿ ತೂಗುಹಾಕುತ್ತಿದ್ದದ್ದು ನಾಲ್ಕು ಬೆಲ್ಟು, ಎರಡು ಪಾಕೀಟು, ಅಷ್ಟೇ. ಉಳಿದದ್ದೆಲ್ಲ ಹಳೆಯ ಪೇಪರಿನಲ್ಲಿ ಸುತ್ತಿ, ಸುತಳಿ ಬಿಗಿದು, ಅಟ್ಟದ ಮೇಲೆ. ಪಕ್ಕದ ಕಾರ್ಖಾನೆಯವರು ಹರಟೆಗೆಂದು ಬಂದರೆ ಮೊದಲು ಹೊಲಿಗೆ ಯಂತ್ರದ ಮೇಲೆ ಬಟ್ಟೆ ಬೀಳುತ್ತಿತ್ತು, ಆಮೇಲೆ ಚಹಾ ಬರುತ್ತಿತ್ತು.

ಜನ ಜಿಪುಣ ಎಂದರು, ಸಂಶಯದ ಪಿಶಾಚಿ ಎಂದರು. ಹೇಳುವವರಿಗೇನು, ಹೇಳಿಕೊಂಡು ಹೋಗುತ್ತಾರೆ. ಆ ಗಲ್ಲಿಯಲ್ಲಿ ಬೆಳಿಗ್ಗೆ ತೋರಿಸಿದ ನಮೂನೆ ಸಂಜೆಯೊಳಗೆ ನಾಲ್ಕು ಅಂಗಡಿಗಳಲ್ಲಿ ತೂಗಾಡುತ್ತದೆ ಎಂಬುದು ಗಲ್ಲಿಯ ಬೆಕ್ಕಿಗೂ ಗೊತ್ತಿತ್ತು. ಆದರೆ ಇಮಾಮಸಾಬ ಹೀಗಾದದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಒಂದಿತ್ತು, ಅದು ಅವನ ಹೆಂಡತಿ ಅಕ್ಬರಬಿಯನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ.

ಹದಿನೆಂಟು ವರ್ಷಗಳ ಹಿಂದೆ ಅವನೊಂದು ಚೀಲ ಮಾಡಿದ್ದ. ಹೆಗಲಿಗೆ ಹಾಕಿಕೊಳ್ಳುವ ಹೆಂಗಸರ ಚೀಲ. ಒಂದೇ ತುಂಡು ಚರ್ಮ. ಹೊಲಿಗೆ ಇಲ್ಲ, ಅಂಟು ಇಲ್ಲ, ಒಂದು ಮೊಳೆ ಕೂಡ ಇಲ್ಲ. ಮಕ್ಕಳು ಕಾಗದ ಮಡಚಿ ದೋಣಿ ಮಾಡುತ್ತಾರಲ್ಲ, ಹಾಗೆ ಮಡಚಿ ಮಡಚಿ ಕೊನೆಗೆ ಒಂದು ನಾಲಿಗೆಯನ್ನು ಒಂದು ಸೀಳಿನೊಳಗೆ ತೂರಿಸಿದರೆ ಚೀಲ ತಾನಾಗಿ ಗಟ್ಟಿ ನಿಲ್ಲುತ್ತಿತ್ತು. ಮೂರು ತಿಂಗಳು ರಟ್ಟು ಕತ್ತರಿಸಿ ಕತ್ತರಿಸಿ ಕಂಡುಕೊಂಡ ವಿದ್ಯೆ. ಅವನಿಗೆ ಕೆಲಸ ಕೊಡುತ್ತಿದ್ದ ಒಬ್ಬ ಸೇಠ ಅದನ್ನು ತಿರುಗಿಸಿ ನೋಡಿ, ನಾಲ್ಕು ಕಡೆ ತೋರಿಸಿ ತರುತ್ತೇನೆಂದು ಒಯ್ದ. ಸೇಠನೂ ಬರಲಿಲ್ಲ, ಚೀಲವೂ ಬರಲಿಲ್ಲ. ಆರು ತಿಂಗಳಾದ ಮೇಲೆ ಅಂಧೇರಿಗೆ ಬೆಲ್ಟಿನ ಗಂಟು ಕೊಡಲು ಹೋದವನಿಗೆ ಒಂದು ಜಗಮಗಿಸುವ ಅಂಗಡಿಯ ಗಾಜಿನ ಹಿಂದೆ ಅದು ಕಾಣಿಸಿತು. ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಯಾರದೋ ಹೆಸರು.

ಇಮಾಮಸಾಬ ಆ ಗಾಜಿನ ಮುಂದೆ ಬಹಳ ಹೊತ್ತು ನಿಂತ. ಕಾವಲುಗಾರ ಬಂದು ಮುಂದೆ ನಡೆ ಎಂದ, ನಡೆದ. ಮನೆಗೆ ಬಂದು ಹೇಳಿದಾಗ ಅಕ್ಬರಬಿ ಕೇಳಿದ್ದು ಒಂದೇ ಮಾತು.

"ನಿಮ್ಮ ಹೆಸರು ಎಲ್ಲರೆ ಹಾಕಿದ್ರೇನ್ರಿ ಅದರ ಮ್ಯಾಗ?"

ಹಾಕಿರಲಿಲ್ಲ. ಹಾಕುವ ರೂಢಿಯೇ ಆ ಕಸುಬಿನಲ್ಲಿ ಇರಲಿಲ್ಲ. ಮಾಡುವವನು ಒಬ್ಬ, ಹೆಸರು ಒತ್ತುವವನು ಇನ್ನೊಬ್ಬ. ಅದಕ್ಕೆಂದೇ ಪ್ರತಿ ಮಾಲಿನ ಮೇಲೆ, ಎದ್ದು ಕಾಣುವ ಕಡೆ, ಎರಡು ಬೆರಳಷ್ಟು ಜಾಗ ಖಾಲಿ ಬಿಡಬೇಕು. ಅಲ್ಲಿ ಗೆರೆ ಎಳೆಯುವಂತಿಲ್ಲ, ಹೊಲಿಗೆ ಹಾಯಿಸುವಂತಿಲ್ಲ. ಅದು ಕೊಳ್ಳುವ ಕಂಪನಿಯ ಜಾಗ. ತಾನೇ ಕಂಡುಕೊಂಡ ಚೀಲದ ಮೇಲೂ ಇಮಾಮಸಾಬ ಕೈಯ ಅಭ್ಯಾಸಕ್ಕೆ ಆ ಜಾಗ ಬಿಟ್ಟಿದ್ದ. ಕದಿಯುವವನು ಕೂತುಕೊಳ್ಳಲಿ ಎಂದು ತಾನೇ ಚಾಪೆ ಹಾಸಿ ಕೊಟ್ಟೆನಲ್ಲ ಎಂಬ ಸಂಕಟ ಅವನನ್ನು ಕಳವಿಗಿಂತ ಹೆಚ್ಚು ಸುಟ್ಟಿತು. ಅಲ್ಲಿಂದ ಮುಂದೆ ತನ್ನದು ಎನ್ನುವಂಥ ಏನನ್ನೂ ಅವನು ಮಾಡಲಿಲ್ಲ. ಹೇಳಿದ್ದನ್ನು ಹೊಲಿದ, ಕೊಟ್ಟದ್ದನ್ನು ತೆಗೆದುಕೊಂಡ, ಬಾಯಿಗೆ ಬೀಗ ಹಾಕಿಕೊಂಡ.

ಇಂಥವನನ್ನು ಹಿಡಿದು ಮಗಳು ಆರಿಫಾ ಸಾವಿರಾರು ಜನ ಬಂದು ನೋಡುವ ಜಾಗದಲ್ಲಿ ಅಂಗಡಿ ಇಡಲು ಹೊರಡಿಸಿದ್ದಳು.

ಅದನ್ನು ಕನ್ವೆನ್ಷನ್ ಎನ್ನುತ್ತಾರೆ ಎಂದು ಅವಳು ಹೇಳಿದಳು. ಅಂಧೇರಿಯ ಒಂದು ದೊಡ್ಡ ಹಾಲಿನಲ್ಲಿ ಶನಿವಾರ, ಭಾನುವಾರ. ಚಿತ್ರಕಥೆ, ಕಾರ್ಟೂನು, ಕಂಪ್ಯೂಟರ್ ಆಟಗಳ ಹುಚ್ಚು ಹತ್ತಿದ ಹುಡುಗ ಹುಡುಗಿಯರು ತಮಗೆ ಇಷ್ಟವಾದ ಯೋಧರ, ರಾಕ್ಷಸರ, ರಾಣಿಯರ ವೇಷ ಹಾಕಿಕೊಂಡು ಬರುತ್ತಾರಂತೆ. ಆರಿಫಾಳ ಕಾಲೇಜು ಗೆಳತಿ, ಮಾಟುಂಗದ ಅಪೇಕ್ಷಾ, ಹಿಂದಿನ ವರ್ಷ ಒಬ್ಬ ಯೋಧೆಯ ವೇಷ ಹಾಕಿದ್ದಳು. ಅವಳಿಗೆ ಎದೆಕವಚ ಮಾಡಿಕೊಟ್ಟದ್ದು ಆರಿಫಾ, ಅಪ್ಪನ ಕಾರ್ಖಾನೆಯ ಚೂರು ಚರ್ಮದಲ್ಲಿ. ಅದನ್ನು ಎಲ್ಲಿ ತಂದೆ ಎಂದು ಅಪೇಕ್ಷಾಳನ್ನು ಒಂದೇ ದಿನ ಹನ್ನೆರಡು ಜನ ಕೇಳಿದರಂತೆ. ಹನ್ನೆರಡು ಎಂಬ ಆ ಸಂಖ್ಯೆ ಆರಿಫಾಳ ತಲೆ ಹೊಕ್ಕದ್ದೇ ತಡ, ಈ ವರ್ಷ ಆರಡಿಗೆ ಆರಡಿ ಜಾಗ, ಒಂದು ಮೇಜು, ಎರಡು ಕುರ್ಚಿ ಗೊತ್ತು ಮಾಡಿಬಿಟ್ಟಳು.

"ದೊಡ್ಡ ದೊಡ್ಡ ಮಂದಿ ವೇಷ ಹಾಕ್ಕೊಂಡು ಓಡ್ಯಾಡ್ತಾರ. ಅವರಿಗೆ ಮನಿಯಾಗ ಕೇಳೋರು ಇಲ್ಲೇನ?" ಎಂದ ಇಮಾಮಸಾಬ.

"ಅವರ ಮನಿಯವರೂ ಬರ್ತಾರ ಅಬ್ಬಾ. ಅವರೂ ವೇಷ ಹಾಕ್ತಾರ," ಎಂದಳು ಆರಿಫಾ.

ತಯಾರಿ ಒಂದು ತಿಂಗಳು ನಡೆಯಿತು. ಆರಿಫಾ ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆರಡಿಯ ಚೌಕ ಎಳೆದು, ಅದರೊಳಗೇ ಎಲ್ಲವೂ ಹಿಡಿಸಬೇಕು ಎಂದು ಅಪ್ಪಣೆ ಮಾಡಿದಳು. ಅಕ್ಬರಬಿ ಮೇಜಿಗೆ ದಾಳಿಂಬೆ ಬಣ್ಣದ ಹೊದಿಕೆ ಹೊಲಿದಳು. ಒಂದು ಭಾನುವಾರ ಇಡೀ ಅಂಗಡಿಯನ್ನು ಆ ಚೌಕದಲ್ಲಿ ಹೂಡಿ ನೋಡಿದರು. ಅಕ್ಬರಬಿ ಗಿರಾಕಿಯ ಪಾತ್ರ ವಹಿಸಿದಳು. ತನ್ನ ಗಂಡ ಹೊಲಿದ ಬೆಲ್ಟನ್ನು ಮೂಗು ಮುರಿದು ನೋಡಿ, ಇದಕ್ಕೆ ಇಷ್ಟು ಬೆಲೆಯೇ, ಇದೇ ಮಾಲು ಧಾರಾವಿಯಲ್ಲಿ ಅರ್ಧಕ್ಕೆ ಸಿಗುತ್ತದೆ ಎಂದು ಜಗಳ ತೆಗೆದಳು. ಆರಿಫಾ ನಕ್ಕು ನಕ್ಕು ಸುಸ್ತಾದಳು. ಇಮಾಮಸಾಬ ಮಾತ್ರ ಗಿರಾಕಿಯ ಕೈಯಿಂದ ಬೆಲ್ಟು ಕಿತ್ತುಕೊಂಡು, "ಬ್ಯಾಡಾದ್ರ ಬಿಡ್ರಿ ಬಾಯಿ," ಎಂದು ನಿಜವಾಗಿಯೇ ಸಿಟ್ಟಾದ.

ಅಟ್ಟ ಗುಡಿಸುವಾಗ ಆರಿಫಾಳಿಗೆ ಪೇಪರಿನಲ್ಲಿ ಸುತ್ತಿದ ಒಂದು ರಟ್ಟು ಸಿಕ್ಕಿತು. ವಿಚಿತ್ರ ಆಕಾರ, ಅಲ್ಲಲ್ಲಿ ಸೀಳು, ಮೇಲೆಲ್ಲ ಪೆನ್ಸಿಲ್ ಗೆರೆಗಳು. ಇದೇನು ಅಬ್ಬಾ ಎಂದಳು. ಏನಿಲ್ಲ, ಹಳೇ ರದ್ದಿ ಎಂದು ಅವನು ಕಸಿದುಕೊಂಡ. ಕಸಿದುಕೊಂಡನೇನೋ ಸರಿ, ಆದರೆ ಅದು ಕೈಯಲ್ಲಿ ಕೂತ ಮೇಲೆ ಸುಮ್ಮನಿರಲಾಗಲಿಲ್ಲ. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು ಒಂದು ಒಳ್ಳೆಯ ಹಾಳೆ ಚರ್ಮ ತೆಗೆದ. ಹದಿನೆಂಟು ವರ್ಷಗಳಲ್ಲಿ ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ಚೀಲ ಎದ್ದು ನಿಂತಿತು. ಇಮಾಮಸಾಬ ಒಮ್ಮೆ ಬಾಗಿಲ ಕಡೆ ನೋಡಿದ. ಬೇಗ ಬೇಗ ಅದನ್ನು ಪೇಪರಿನಲ್ಲಿ ಸುತ್ತಿದ.

ಇನ್ನೊಂದು ಸಂಗತಿಯೂ ಆ ತಿಂಗಳಲ್ಲಿ ನಡೆಯಿತು. ಆರಿಫಾ ಹಿತ್ತಾಳೆಯ ಒಂದು ಅಚ್ಚು ಮಾಡಿಸಿ ತಂದಳು. ಅದರಲ್ಲಿದ್ದದ್ದು ಒಂದೇ ಪದ, ತಾಳಿಕೋಟಿ. ಅವರ ಅಡ್ಡಹೆಸರು, ಅವರ ಊರು. ಆರಿಫಾಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಊರಿನ ಶಾಲೆಯಲ್ಲಿ ಏಳನೇ ಇಯತ್ತೆ ಓದಿದ ಅಕ್ಬರಬಿಯೇ ಕಾಗದದ ಮೇಲೆ ದುಂಡಗೆ ಬರೆದುಕೊಟ್ಟಿದ್ದಳು. ಕೆತ್ತುವವನು ಆ ಕೈಬರಹವನ್ನು ಹಾಗೆಯೇ ಇಳಿಸಿದ್ದ. ಎಲ್ಲ ಮಾಲಿನ ಮೇಲೂ ಗುರುವಾರದೊಳಗೆ ಇದನ್ನು ಒತ್ತಿಡಬೇಕು ಎಂದು ಆರಿಫಾ ಅಪ್ಪನ ಕೈಗೆ ಕೊಟ್ಟಳು. ಹೂಂ ಎಂದು ಅವನು ಜೇಬಿಗೆ ಹಾಕಿಕೊಂಡ.

ಮಾಲು ಜೋಡಿಸುವುದಕ್ಕೆ ಶುಕ್ರವಾರ ಮಧ್ಯಾಹ್ನ ಎರಡರಿಂದ ಸಂಜೆ ಏಳರವರೆಗೆ ಸಮಯ. ಜುಮ್ಮಾ ನಮಾಜು ಮುಗಿಸಿ ಟೋಪಿಯನ್ನು ಜೇಬಿಗೆ ತುರುಕಿಕೊಂಡು ಇಮಾಮಸಾಬ ಟೆಂಪೋ ಹತ್ತಿದ. ಇಬ್ಬರಿಗೆ ಮಾತ್ರ ಪಾಸು ಇದ್ದದ್ದರಿಂದ ಅಕ್ಬರಬಿ ಗಲ್ಲಿಯ ತುದಿಯವರೆಗೆ ಬಂದು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಗಂಟು ಕೊಟ್ಟು, ಮೇಜಿನ ಹೊದಿಕೆಯ ಮೇಲೆ ದುವಾ ಓದಿ ಊದಿ ಕಳಿಸಿದಳು.

ಹಾಲಿನೊಳಗೆ ಕಾಲಿಟ್ಟ ಇಮಾಮಸಾಬ ಮಾಲಿನ ಗಂಟನ್ನು ಎದೆಗೆ ಒತ್ತಿಕೊಂಡ. ಅಷ್ಟು ಎತ್ತರದ ಚಾವಣಿ, ಅಷ್ಟು ದೀಪ, ಎಲ್ಲಿಯೂ ಒಂದು ಗೋಡೆ ಇಲ್ಲ. ಬಲಗಡೆಯ ಅಂಗಡಿಯಿಂದ ಎಡಗಡೆಯದು ಕಾಣುತ್ತದೆ, ಎದುರಿನಿಂದ ಹಿಂದಿನದು ಕಾಣುತ್ತದೆ. ಬಟ್ಟೆ ಮುಚ್ಚೋಣವೆಂದರೆ ಯಾವ ಕಡೆ ಮುಚ್ಚುವುದು? ಪಕ್ಕದ ಮೇಜಿನಲ್ಲಿ ಬಣ್ಣಬಣ್ಣದ ಅಂಟುಚಿತ್ರ ಮಾರುವ ಸುಹಾಸ ಎಂಬ ಗಡ್ಡದ ಯುವಕ ಆಗಲೇ ತನ್ನದೆಲ್ಲ ಹರಡಿಕೊಂಡು, ಬಂದವರಿಗೆಲ್ಲ ತೋರಿಸುತ್ತ, ಫೋಟೋ ತೆಗೆಸಿಕೊಳ್ಳುತ್ತ ಖುಷಿಯಾಗಿದ್ದ. ಇವನಿಗೆ ಬುದ್ಧಿ ನೆಟ್ಟಗಿದೆಯೇ ಎಂದು ಇಮಾಮಸಾಬ ಕನಿಕರಪಟ್ಟ.

ಆರಿಫಾ ಹೊದಿಕೆ ಹಾಸಿದಳು. ಎದೆಕವಚಗಳನ್ನು ಹಿಂದೆ ನಿಲ್ಲಿಸಿದಳು, ತೋಳುಪಟ್ಟಿಗಳನ್ನು ಪಕ್ಕಕ್ಕೆ, ಬೆಲ್ಟುಗಳನ್ನು ಮುಂದೆ. ಸೊಂಟದ ಮೇಲೆ ಕೈಯಿಟ್ಟು ದೂರ ನಿಂತು ನೋಡಿದಳು. ಮರಳಿ ಬಂದಾಗ ಒಳ್ಳೆಯ ಎರಡು ಕವಚ ಮಾಯವಾಗಿದ್ದವು.

"ಅಬ್ಬಾ, ಅವೆರಡು ಎಲ್ಲಿ?"

"ಕೆಳಗ ಇಟ್ಟೀನಿ. ಕೇಳಿದವರಿಗೆ ತೆಗದು ತೋರ್ಸೂದು."

"ಇಲ್ಲಿ ಯಾರೂ ಕೇಳೂದಿಲ್ಲ ಅಬ್ಬಾ! ಕಾಣಿಸಿದ್ರ ತಗೋತಾರ, ಇಲ್ಲಂದ್ರ ಹಂಗೇ ಹೋಗ್ತಾರ."

ಅವಳು ಮೇಲಿಡುವುದು, ಅವನು ಕೆಳಗಿಡುವುದು, ಹೀಗೆ ಮೂರು ಸಲ ನಡೆಯಿತು. ಎದುರಿನಿಂದ ಯಾರೋ ಮೊಬೈಲು ಎತ್ತಿದರೆ ಇಮಾಮಸಾಬನ ಅಂಗೈ ತನ್ನಷ್ಟಕ್ಕೆ ಮುಂದೆ ಹೋಗಿ ಅಡ್ಡ ನಿಲ್ಲುತ್ತಿತ್ತು. ಇದರ ನಡುವೆ ಆರಿಫಾಳ ಕೈಗೆ ಮೇಜಿನ ಕೆಳಗೆ ಒಂದು ಪೇಪರಿನ ಗಂಟು ಸಿಕ್ಕಿತು. ಬಿಚ್ಚಿದಳು. ಬಿಚ್ಚಿ ನೆಲದ ಮೇಲೆಯೇ ಕುಕ್ಕರಿಸಿ ಕೂತಳು.

"ಇದು ಯಾವಾಗ ಮಾಡಿದ್ರಿ? ಸಿಲಾಯಿನೇ ಇಲ್ಲಲ್ಲ! ಇದು ಸೆಂಟರ್‌ನಾಗ ಇರಬೇಕು."

"ಅದು ಮಾರೂದಲ್ಲ. ಒಳಗ ಇಡು."

"ಮಾರೂದಲ್ಲಂದ್ರ ಯಾಕ ತಂದ್ರಿ?"

ಯಾಕೆ ತಂದನೆಂದು ಅವನಿಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಗಂಟು ಕಟ್ಟುವಾಗ ಕೈ ಅದನ್ನೂ ಸೇರಿಸಿತ್ತು. ಚಹಾ ಕುಡಿದು ಬರುತ್ತೇನೆಂದು ಎದ್ದ. ಹಿಂದಿರುಗಿ ಬರುವಷ್ಟರಲ್ಲಿ ಚೀಲ ಮೇಜಿನ ನಟ್ಟನಡುವೆ, ದಾಳಿಂಬೆ ಬಣ್ಣದ ಮೇಲೆ ಕೂತಿತ್ತು. ಆರಿಫಾಳ ಮುಖ ಮಾತ್ರ ಗಂಟಿಕ್ಕಿತ್ತು.

"ಅಬ್ಬಾ, ಒಂದರ ಮ್ಯಾಗೂ ಹೆಸರಿಲ್ಲ. ನಲವತ್ತಾರು ಪೀಸ್. ಎಲ್ಲಾದರ ಮ್ಯಾಗೂ ಜಗಾ ಖಾಲಿ ಐತಿ."

ಇಮಾಮಸಾಬ ಜೇಬು ಮುಟ್ಟಿ ನೋಡಿಕೊಂಡ. ಅಚ್ಚು ಅಲ್ಲೇ ಇತ್ತು, ಟೋಪಿಯ ಕೆಳಗೆ. ಎರಡು ಸಲ ಒತ್ತಲು ಕೂತಿದ್ದು ನಿಜ. ಅಚ್ಚನ್ನು ಚರ್ಮದ ಮೇಲಿಟ್ಟು ಸುತ್ತಿಗೆ ಎತ್ತಿದಾಗಲೆಲ್ಲ ಬೇರೆಯವರ ಜಾಗದಲ್ಲಿ ಕೂರಲು ಹೋದಂತೆ ಮುಜುಗರವಾಗಿ ಎದ್ದುಬಿಟ್ಟಿದ್ದ. ಇದನ್ನು ಇಪ್ಪತ್ತಮೂರು ವರ್ಷದ ಮಗಳಿಗೆ ಹೇಗೆ ಹೇಳುವುದು?

"ಮರತೆ," ಎಂದ.

ಅಷ್ಟರಲ್ಲಿ ಕೊರಳಿಗೆ ನೀಲಿ ಪಟ್ಟಿ ಹಾಕಿಕೊಂಡು ಕೈಯಲ್ಲಿ ಫೈಲು ಹಿಡಿದ ಒಬ್ಬ ಹೆಂಗಸು ಮೇಜಿನಿಂದ ಮೇಜಿಗೆ ಬರುತ್ತ ಇವರ ಮುಂದೆ ನಿಂತಳು. ಹೆಸರು ಜ್ಯೋತ್ಸ್ನಾ. ಕೈಕೆಲಸದ ಮಾಲಿನ ಸಾಲಿನಲ್ಲಿ ಸ್ವಂತದ್ದನ್ನು ಮಾತ್ರ ಇಡಬೇಕು, ಬೇರೆಯವರ ನಮೂನೆ ನಕಲು ಮಾಡಿದ್ದು ಕೂಡದು ಎಂಬುದು ಅಲ್ಲಿನ ನಿಯಮ. ಅದನ್ನು ನೋಡಿಕೊಳ್ಳುವವಳು ಅವಳು. ಫೈಲಿನಲ್ಲಿ ಹೆಸರು ಓದಿ ಅವಳ ಮುಖ ಅರಳಿತು.

"ತಾಳಿಕೋಟಿನಾ? ಕನ್ನಡದೋರಾ ನೀವು? ನಾನು ಮಾಟುಂಗದವಳು. ನಮ್ಮ ತಂದೆ ಮೈಸೂರು ಕಡೆಯೋರು."

ಕವಚಗಳನ್ನು ಮುಟ್ಟಿ ನೋಡಿ ಚೆನ್ನಾಗಿದೆ ಎಂದಳು. ಬೆಲ್ಟಿನ ಅಂಚು ಸವರಿ, ಎಷ್ಟು ನಯ ಎಂದಳು. ಆಮೇಲೆ ಅವಳ ಕಣ್ಣು ನಡುವಿನ ಚೀಲದ ಮೇಲೆ ಬಿತ್ತು. ಎತ್ತಿಕೊಂಡು ತಿರುಗಿಸಿದಳು. ಮುಖದ ನಗು ಮೆಲ್ಲಗೆ ಇಳಿಯಿತು.

"ಇದು ನೀವು ಮಾಡಿದ್ದಾ?"

"ಹೌದ್ರಿ."

"ನಮ್ಮಮ್ಮನ ಹತ್ರ ಇಂಥದ್ದೇ ಇದೆ. ದೊಡ್ಡ ಕಂಪನಿದು, ತೊಗೊಂಡು ಹದಿನೈದು ವರ್ಷದ ಮೇಲಾಯ್ತು." ಅವಳು ಚೀಲವನ್ನು ಮತ್ತೆ ಮತ್ತೆ ನೋಡಿದಳು. "ನಿಮ್ಮ ಹೆಸರೂ ಎಲ್ಲೂ ಇಲ್ವಲ್ಲ." ದನಿ ತಗ್ಗಿಸಿದಳು. "ಬೇಜಾರು ಮಾಡ್ಕೋಬೇಡಿ. ಇದೊಂದು ತೆಗೆದಿಟ್ಟುಬಿಡಿ, ಸಾಕು. ಮಿಕ್ಕಿದ್ದೆಲ್ಲ ಚೆನ್ನಾಗಿದೆ. ನಿಮ್ಮ ಸ್ಟಾಲ್‌ಗೆ ಏನೂ ತೊಂದ್ರೆ ಆಗಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಪಾಪ ಎಂಬಂತೆ ಹೇಳಿದಳು. ಇಮಾಮಸಾಬನಿಗೆ ಎದುರಿಗಿದ್ದದ್ದೆಲ್ಲ ಅಂಧೇರಿಯ ಆ ಅಂಗಡಿಯ ಗಾಜಿನ ಹಿಂದೆ ಸರಿದಂತಾಯಿತು. ಅವನ ಕೈಗಳು ಅವನನ್ನು ಕೇಳದೆ ಮೇಜಿನ ಕೆಳಗಿನ ಪೇಪರನ್ನು ಎಳೆದುಕೊಂಡವು, ಚೀಲವನ್ನು ಅದರ ಮೇಲಿಟ್ಟವು, ಒಂದು ಅಂಚು ಮಡಚಿದವು. ಸುಮ್ಮನಿದ್ದುಬಿಟ್ಟರೆ ಎಲ್ಲ ಸರಿಹೋಗುತ್ತದೆ. ಮಗಳ ಅಂಗಡಿ ಉಳಿಯುತ್ತದೆ. ಹದಿನೆಂಟು ವರ್ಷ ಸುಮ್ಮನಿದ್ದವನಿಗೆ ಇನ್ನೊಂದು ದಿನ ಏನು ದೊಡ್ಡದು?

"ಅಬ್ಬಾ," ಎಂದಳು ಆರಿಫಾ. ಅವಳ ದನಿ ಸಣ್ಣಗಾಗಿತ್ತು. "ಇದು ಕಾಪೀ ಏನು?"

ಅವನು ತಲೆ ಎತ್ತಿದ. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ನಾಚಿಕೆ ಇತ್ತು, ಅವನ ಪರವಾಗಿ. ಅಪ್ಪ ಯಾಕೆ ಎಲ್ಲವನ್ನೂ ಮುಚ್ಚಿಡುತ್ತಿದ್ದ ಎಂಬುದಕ್ಕೆ ಅವಳಿಗೆ ಈಗ ಒಂದು ಉತ್ತರ ಸಿಕ್ಕಂತಿತ್ತು, ಮತ್ತು ಆ ಉತ್ತರ ತಪ್ಪಾಗಿತ್ತು. ಕದ್ದವನು ಎಲ್ಲೋ ಸುಖವಾಗಿದ್ದಾನೆ. ಕಳೆದುಕೊಂಡವನು ಮಗಳ ಎದುರಿಗೆ ಕಳ್ಳನಾಗಿ ನಿಂತಿದ್ದಾನೆ. ಇದನ್ನು ನುಂಗಲು ಇಮಾಮಸಾಬನಿಗೆ ಆಗಲಿಲ್ಲ.

ಪೇಪರಿನಿಂದ ಕೈ ತೆಗೆದ.

"ಬಾಯಾರ, ನಿಮ್ಮ ತಾಯಾರ ಚೀಲ ಎಡಕ್ಕ ಕೆಳಗಿನ ಮೂಲ್ಯಾಗ ಬಿರದೈತೇನು ಕೇಳ್ರಿ," ಎಂದ. "ತಗೊಂಡ ವರ್ಷದಾಗೇ ಬಿರದಿರಬೇಕು."

ಜ್ಯೋತ್ಸ್ನಾ ಅವನನ್ನೇ ನೋಡಿದಳು. ಆಮೇಲೆ ಫೋನು ಹಚ್ಚಿದಳು. ಹಾಲಿನ ಗದ್ದಲಕ್ಕೆ ಕೇಳಿಸಲೆಂದು ಸ್ಪೀಕರಿಗೆ ಹಾಕಿದ್ದರಿಂದ ಅವಳ ತಾಯಿ ಸುಬ್ಬಲಕ್ಷ್ಮಿಯ ದನಿ ಎಲ್ಲರಿಗೂ ಕೇಳಿತು.

"ಆ ಕಂದು ಬ್ಯಾಗಾ? ಹೂಂ ಕಣೆ, ಎಡಗಡೆ ಮೂಲೆ. ವರ್ಷ ತುಂಬೋದ್ರೊಳಗೇ ಬಿರುಕು ಬಿಡ್ತು. ಅಷ್ಟು ದುಡ್ಡು ಕೊಟ್ಟು! ಸ್ಟೇಷನ್ ಹತ್ರ ಹೊಲಿಸಿಟ್ಟಿದೀನಿ. ಯಾಕೆ, ಬೇಕಾ ನಿಂಗೆ? ಊಟ ಆಯ್ತಾ?"

ಫೋನು ಇಟ್ಟ ಜ್ಯೋತ್ಸ್ನಾ, "ನಿಮಗೆ ಹೇಗೆ ಗೊತ್ತಾಯ್ತು?" ಎಂದಳು.

"ಅದು ಒಣಾ ಚರ್ಮ ಮಡಚೋದಲ್ರಿ. ಮೊದಲ ನೀರು ಕುಡಸಬೇಕು. ಹಸಿ ಇದ್ದಾಗ, ದನದ ಬೆನ್ನು ಯಾವ ಕಡೆ ಇತ್ತು ನೋಡಿಕೊಂಡು, ಆ ಗುಂಟ ಮಡಚಬೇಕು. ಅವರಿಗೆ ಚೀಲ ಸಿಕ್ಕಿತು, ಈ ಮಾತು ಸಿಗಲಿಲ್ಲ. ಒಣಾದ್ದನ್ನ ಮಡಚ್ಯಾರ, ಆ ಮೂಲಿ ಸೀಳೇ ಸೀಳ್ತದ." ಮುಂದಿನ ಮಾತನ್ನು ಅವನು ಜ್ಯೋತ್ಸ್ನಾಳಿಗೆ ಹೇಳಲಿಲ್ಲ, ಮಗಳ ಕಡೆ ತಿರುಗಿ ಹೇಳಿದ. "ನಂದು ಐತಿ ಇದು. ನೀ ಐದು ವರ್ಷದಾಕಿ ಇದ್ದಾಗ ಮಾಡಿದ್ದು. ಸೇಠ ಒಯ್ದು ಕೊಡಲಿಲ್ಲ. ಮ್ಯಾಲ ನನ್ನ ಹೆಸರಿರಲಿಲ್ಲ, ಯಾರಿಗೆ ಹೋಗಿ ಏನ ಹೇಳಲಿ?"

ಆರಿಫಾ ಅಪ್ಪನ ಪಕ್ಕಕ್ಕೆ ಬಂದು ನಿಂತಳು.

"ನಾನು ನಂಬ್ತೀನಿ," ಎಂದಳು ಜ್ಯೋತ್ಸ್ನಾ. "ಆದ್ರೆ ನಾನೊಬ್ಬಳು ನಂಬಿದ್ರೆ ಸಾಲದು. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ತೋರಿಸೋಕೆ ಏನಾದ್ರೂ ಬೇಕು. ಇಂಥ ಕಡೆ ನಮ್ಮಲ್ಲಿ ಒಂದೇ ದಾರಿ. ಇಲ್ಲೇ, ಎಲ್ಲರೆದುರಿಗೆ, ಶುರುವಿನಿಂದ ಮಾಡಿ ತೋರಿಸಬೇಕು. ವಿಡಿಯೋ ತೆಗೀತೀವಿ. ಇಷ್ಟ ಇಲ್ಲದಿದ್ರೆ ಬಲವಂತ ಇಲ್ಲ. ತೆಗೆದಿಟ್ಟುಬಿಡಿ."

ಆಗಲೇ ಸುತ್ತಮುತ್ತಲಿನ ಮೇಜುಗಳವರು ಬಂದು ಸೇರಿದ್ದರು. ಇಬ್ಬರು ಫೋನು ಹಿಡಿದಿದ್ದರು. ಸುಹಾಸ ತನ್ನ ಕುರ್ಚಿಯ ಮೇಲೆಯೇ ಹತ್ತಿ ನಿಂತಿದ್ದ. ಎದುರು ಸಾಲಿನಲ್ಲಿ ಚರ್ಮದ ಮಾಲು ಮಾರುವವರೂ ಒಬ್ಬರಿದ್ದರು. ಅವರು ಎಲ್ಲರಿಗಿಂತ ಮುಂದೆ ಬಂದು ನಿಂತದ್ದನ್ನು ಇಮಾಮಸಾಬನ ಕಣ್ಣು ಗುರುತಿಸಿತು. ಒಮ್ಮೆ ತೋರಿಸಿದರೆ ಮುಗಿಯಿತು. ಕಳ್ಳನಿಗೂ ಸಿಗದೆ ತನ್ನ ಬಳಿ ಉಳಿದಿದ್ದ ಒಂದೇ ಒಂದು ಗುಟ್ಟು, ಅದೂ ಹೋಗುತ್ತದೆ. ಸೋಮವಾರದ ಹೊತ್ತಿಗೆ ಧಾರಾವಿಯ ಪ್ರತಿ ಬಾಗಿಲಲ್ಲಿ ತೂಗುತ್ತದೆ.

"ಬ್ಯಾಡ ಅಬ್ಬಾ," ಎಂದಳು ಆರಿಫಾ, ಅವನ ತೋಳು ಹಿಡಿದು. "ನನಗ ಗೊತ್ತಾತು, ಸಾಕು. ಒಳಗ ಇಟ್ಟುಬಿಡೋಣ."

ಆ ಸಾಕು ಎಂಬ ಮಾತು ಅವನಿಗೆ ಧೈರ್ಯ ಕೊಟ್ಟಿತು. ಮಗಳ ಕಣ್ಣಿನಲ್ಲಿದ್ದ ನಾಚಿಕೆ ಹೋಗಿತ್ತು. ಅದು ಹೋದ ಮೇಲೆ ಅವನಿಗೆ ಇನ್ನು ಯಾವುದರ ಭಯ?

"ನೀರಿನ ಬಾಟ್ಲಿ ಕೊಡು," ಎಂದ.

ಸಣ್ಣಪುಟ್ಟ ರಿಪೇರಿಗೆಂದು ತಂದಿದ್ದ ಸಲಕರಣೆಯ ಡಬ್ಬಿ ತೆರೆದು, ಕವಚದ ಪಟ್ಟಿಗಳಿಗಾಗಿ ಇಟ್ಟುಕೊಂಡಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿದ. ರಟ್ಟಿನ ನಮೂನೆ ಮನೆಯಲ್ಲಿತ್ತು. ಅದರ ಹಂಗು ಅವನಿಗೆ ಬೇಕಿರಲಿಲ್ಲ. ಗೇಣು ಹಾಕಿ ಅಳೆದ, ಉಗುರಿನಿಂದ ಗೆರೆ ಎಳೆದ, ಕತ್ತರಿಸಿದ. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚರ್ಮದ ಮೇಲೆ ಒತ್ತಿದ, ತಿರುವಿ ಹಾಕಿ ಮತ್ತೆ ಒತ್ತಿದ, ಬಣ್ಣ ಕಪ್ಪಿಗೆ ತಿರುಗುವವರೆಗೆ ಕಾದ. ಮೊದಲ ಮಡಿಕೆ ಕೂತಿತು. ಎರಡನೆಯದು, ಮೂರನೆಯದು. ಅವನ ಬೆರಳುಗಳ ಓಟ ನೋಡಿದರೆ ಅವು ಇಷ್ಟು ವರ್ಷ ಬೆಲ್ಟು ಹೊಲಿಯುತ್ತ ಬೇಸತ್ತಿದ್ದವು ಅನ್ನಿಸುತ್ತಿತ್ತು.

ಕೊನೆಯ ಮಡಿಕೆ ಬಂತು, ಆ ಎಡ ಮೂಲೆಯದು. ಇಮಾಮಸಾಬನ ಮೈ ಹಳೆಯ ರೂಢಿಗೆ ಮುಂದಕ್ಕೆ ಬಾಗಿ, ಹೆಗಲು ಅಡ್ಡ ಬಂದು, ಮೇಜನ್ನು ಮುಚ್ಚಿತು. ಹಿಂದಿದ್ದವರಿಗೆ ಅವನ ಬೆನ್ನು ಬಿಟ್ಟು ಏನೂ ಕಾಣಲಿಲ್ಲ.

"ಅಂಕಲ್," ಎಂದ ಸುಹಾಸ ಕುರ್ಚಿಯ ಮೇಲಿನಿಂದ, "ವೋ ಕೋನಾ ನಹೀ ದಿಖಾ." ಆ ಮೂಲೆ ಕಾಣಲಿಲ್ಲ ಎಂದು ಹಿಂದಿಯಲ್ಲಿ ಅವನ ದೂರು.

ಇಮಾಮಸಾಬನ ಕೈ ನಿಂತಿತು. ಬಾಗಿದ ಬೆನ್ನು ಹಾಗೇ ಇತ್ತು. ಆಮೇಲೆ ಅವನು ನೆಟ್ಟಗೆ ನಿಂತ. ಹಾಕಿದ ಮಡಿಕೆಯನ್ನು ಬಿಚ್ಚಿದ. ಚರ್ಮವನ್ನು ಜನರ ಕಡೆ ತಿರುಗಿಸಿ, ದೀಪದ ಬೆಳಕಿಗೆ ಸರಿಸಿದ.

"ಇಳದು ಹತ್ತರ ಬಾ," ಎಂದ. ಕನ್ನಡದಲ್ಲಿಯೇ ಹೇಳಿದ, ಕೈಸನ್ನೆ ಇದ್ದದ್ದರಿಂದ ಸುಹಾಸನಿಗೆ ಅರ್ಥವಾಯಿತು. "ಇನ್ನೂ ಹತ್ತರ. ಈ ಮೂಲಿ ಬರೋಬ್ಬರಿ ತೆಗಿ. ಎಲ್ಲಾರೂ ಇಲ್ಲೇ ತಪ್ಪತಾರ. ಹೆಬ್ಬೆಟ್ಟು ಒಳಗ, ಇವು ಎರಡು ಬೆರಳು ಹೊರಗ. ಜಗ್ಗಬಾರದು. ಚರ್ಮ ತಾನ ಬರ್ತದ, ಬಿಡಬೇಕು. ಕಂಡತೇನು? ಇನ್ನೊಮ್ಮಿ ತೋರಸ್ಲೇನು?"

ಇನ್ನೊಮ್ಮೆ ತೋರಿಸಿದ. ಎದುರು ಸಾಲಿನ ಚರ್ಮದವರಿಗೆ ಕಾಣಲೆಂದು ಮೂರನೆಯ ಸಲವೂ ತೋರಿಸಿದ. ನಾಲಿಗೆಯನ್ನು ಸೀಳಿನೊಳಗೆ ತೂರಿಸಿ ಎಳೆದಾಗ ಚೀಲ ಮೇಜಿನ ಮೇಲೆ ಎದ್ದು ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಇಮಾಮಸಾಬನಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಹಸಿ ಚೀಲ ಕುಸಿಯಬಾರದಲ್ಲ. ಅವನು ಆ ಹಳೆಯ ಪೇಪರನ್ನು ಉಂಡೆ ಮಾಡಿ ಒಳಗೆ ತುಂಬುತ್ತಿದ್ದ. ನಾಳೆ ಹತ್ತಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಆಕಾರ ಹಿಡಿದಿರುತ್ತದೆ ಎಂದು ಲೆಕ್ಕ ಹಾಕಿದ.

ಜ್ಯೋತ್ಸ್ನಾ ಫೈಲಿನಲ್ಲಿ ಏನೋ ಬರೆದು, "ಹೆಸರು ಮಾತ್ರ ಹಾಕಿ, ದಯವಿಟ್ಟು," ಎಂದಳು.

ಅವನು ಚೀಲವನ್ನು ನೋಡಿದ. ಮುಂಭಾಗದಲ್ಲಿ, ಬಾಯಿಯ ಕೆಳಗೆ, ಎರಡು ಬೆರಳಷ್ಟು ಜಾಗ ಖಾಲಿ. ಇವತ್ತೂ ಬಿಟ್ಟಿದ್ದ. ಜೇಬಿಗೆ ಕೈಹಾಕಿ ಟೋಪಿಯ ಕೆಳಗಿನಿಂದ ಅಚ್ಚು ತೆಗೆದ. ಒಳಗಿನ ಪೇಪರನ್ನು ಸ್ವಲ್ಪ ಸರಿಸಿ, ಚರ್ಮದ ಹಿಂದೆ ಮರದ ತುಂಡು ಕೊಟ್ಟು, ಅಚ್ಚನ್ನು ಆ ಜಾಗದ ಮೇಲೆ ನಿಲ್ಲಿಸಿದ. ಮುಜುಗರ ಈಗಲೂ ಇತ್ತು. ಸುತ್ತಿಗೆ ಎತ್ತಿ ಒಂದೇ ಏಟು ಹೊಡೆದ.

ಅಚ್ಚು ತೆಗೆದಾಗ ಹಸಿ ಚರ್ಮದಲ್ಲಿ ಅಕ್ಬರಬಿಯ ದುಂಡಗಿನ ಅಕ್ಷರಗಳು ಆಳವಾಗಿ ಮೂಡಿದ್ದವು. ಜ್ಯೋತ್ಸ್ನಾ ಬಾಗಿ ಓದಿದಳು, "ತಾಳಿಕೋಟಿ." ಕನ್ನಡದ ಅಕ್ಷರ ಬಾರದ ಆರಿಫಾ ಬೆರಳಾಡಿಸಿ ಓದಿದಳು.

"ಅಬ್ಬಾ, ಸ್ವಲ್ಪ ಸೊಟ್ಟ ಬಂತು."

"ಬರಲಿ ಬಿಡು," ಎಂದ ಇಮಾಮಸಾಬ. "ನಲವತ್ತ ವರ್ಷದಾಗ ಇದು ಮೊದಲನೇದು."

ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಬಟ್ಟೆಗೆ ಸುರಿದು, ಅವನು ಹತ್ತಿರದ ಬೆಲ್ಟನ್ನು ಎಳೆದುಕೊಂಡು ಒರೆಸತೊಡಗಿದ. ಗಂಟೆ ಐದೂವರೆಯಾಗಿತ್ತು. ಏಳರೊಳಗೆ ಇನ್ನೂ ನಲವತ್ತಾರು ಬಾಕಿ ಇದ್ದವು.